ಎರಡನೆಯ ಗ್ರಾಫಿಕ್ಸ್ ಚಿಪ್ ಏಕೆ ಸುಮ್ಮನಿದೆ?

ಪ್ರಶ್ನೆ: ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪನ್ನು ಹೆಚ್ಚು ಹಣ ಕೊಟ್ಟು ಕೊಂಡಿದ್ದೇನೆ. ನುಡಿ ತಂತ್ರಾಂಶದಲ್ಲಿ ಪತ್ರ ಬರೆಯುವಾಗಲೂ ಯೂಟ್ಯೂಬ್ ನೋಡುವಾಗಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಬಳಕೆ 0% ಎಂದೇ ಕಾಣುತ್ತದೆ. ಚಿಪ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಆತಂಕ ಬೇಡ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಪ್ರೊಸೆಸರ್‌ಗಳಿರುತ್ತವೆ. ಒಂದು ಮುಖ್ಯ ಪ್ರೊಸೆಸರ್‌ನೊಳಗೇ ಸೇರಿರುತ್ತದೆ, ಇನ್ನೊಂದಕ್ಕೆ ತನ್ನದೇ ಮೆಮೊರಿ ಇರುತ್ತದೆ. ಗ್ರಾಫಿಕ್ಸ್ ಚಿಪ್ ಕಂಪನಿ ಎನ್‌ವಿಡಿಯಾ 2010ರಲ್ಲಿ ಪರಿಚಯಿಸಿದ ಆಪ್ಟಿಮಸ್ ವ್ಯವಸ್ಥೆಯಲ್ಲಿ ಪರದೆಯ ಸಂಪರ್ಕವಿರುವುದು ಒಳಗಿನ ಚಿಪ್‌ಗೆ. ಆಟ ಆಡುವಾಗಲೋ ತ್ರಿಆಯಾಮದ ವಿನ್ಯಾಸ ಮಾಡುವಾಗಲೋ ಮಾತ್ರ ದೊಡ್ಡ ಚಿಪ್ ಎಚ್ಚೆತ್ತು ಚಿತ್ರವನ್ನು ರಚಿಸಿ, ಅದನ್ನು ಒಳಗಿನ ಚಿಪ್‌ನ ಮೂಲಕವೇ ಪರದೆಗೆ ಕಳುಹಿಸುತ್ತದೆ. ವಿಡಿಯೊವನ್ನು ಬಿಡಿಸಿ ತೋರಿಸಲು ಒಳಗಿನ ಚಿಪ್‌ನಲ್ಲಿ ಅದಕ್ಕೆಂದೇ ಮೀಸಲಾದ ಭಾಗವಿರುವುದರಿಂದ, ಕಡಿಮೆ ವಿದ್ಯುತ್ತಿನಲ್ಲೇ ಆ ಕೆಲಸ ಮುಗಿಯುತ್ತದೆ. ದೊಡ್ಡ ಚಿಪ್ ಮಲಗಿರುವಷ್ಟು ಹೊತ್ತು ನಿಮ್ಮ ಬ್ಯಾಟರಿ ಉಳಿಯುತ್ತದೆ, ಫ್ಯಾನಿನ ಸದ್ದೂ ಕಡಿಮೆ.

ವಿಡಿಯೊ ಸಂಕಲನದಂಥ ಕೆಲಸಕ್ಕೆ ಅದು ಬೇಕೇ ಬೇಕೆಂದಾದರೆ, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬಲ್ಲಿಗೆ ಹೋಗಿ, ಆ ತಂತ್ರಾಂಶವೊಂದಕ್ಕೆ ಮಾತ್ರ ‘ಹೈ ಪರ್ಫಾರ್ಮೆನ್ಸ್’ ಆಯ್ಕೆಯನ್ನು ಕೊಡಿ. ಬ್ರೌಸರ್‌ಗೆ ಹಾಗೆ ಕೊಡುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಒಂದು ವಿಷಯವನ್ನು ಮಾತ್ರ ಗಮನಿಸಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ಸಂಪರ್ಕ ನೇರವಾಗಿ ದೊಡ್ಡ ಚಿಪ್‌ಗೇ ಇರುತ್ತದೆ. ಅಲ್ಲಿಗೆ ಹೊರಗಿನ ಮಾನಿಟರ್ ಜೋಡಿಸಿದರೆ, ನೀವು ಬರಿಯ ಪತ್ರ ಟೈಪ್ ಮಾಡುತ್ತಿದ್ದರೂ ಆ ಚಿಪ್ ಎಚ್ಚರವಾಗಿಯೇ ಉಳಿಯುತ್ತದೆ.