ಹಳೇ ಚಿತ್ರದ ಪಕ್ಕ ಹೊಸ ವಿಡಿಯೋ

ಪ್ರಶ್ನೆ: ಐನೂರು ವರ್ಷದ ಹಳೇ ಚಿತ್ರದ ಪಕ್ಕ ಇವತ್ತಿನ ಕಲೆ ಇಟ್ಟು ಪ್ರದರ್ಶನ ಮಾಡುತ್ತಾರಂತೆ. ಯಾಕೆ ಮೇಡಂ?
– ಓದುಗರು, ಗದಗ

ಉತ್ತರ: ಒಂದು ಜೋಡಿಯನ್ನೇ ನೋಡೋಣ. 2017ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿರುವ ಪಲಾಜ್ಜೊ ಸ್ಟ್ರೋಜಿ ಎಂಬ ಹಳೇ ಅರಮನೆಯ ಪ್ರದರ್ಶನದಲ್ಲಿ ಹದಿನಾರನೇ ಶತಮಾನದ ಇಟಲಿಯ ಕಲಾವಿದ ಪೊಂಟೊರ್ಮೊ ಬರೆದ ‘ವಿಸಿಟೇಶನ್’ (ಭೇಟಿ) ಚಿತ್ರದ ಜೊತೆ ಅಮೆರಿಕದ ವಿಡಿಯೋ ಕಲಾವಿದ ಬಿಲ್ ವಯೋಲಾ ಅವರ 1995ರ ವಿಡಿಯೋ ‘ದಿ ಗ್ರೀಟಿಂಗ್’ ಇತ್ತು. ಚಿತ್ರದಲ್ಲಿ ಬಸುರಿಯರಾದ ಯೇಸುವಿನ ತಾಯಿ ಮೇರಿ, ಅವಳ ಬಂಧು ಎಲಿಜಬೆತ್ ತಬ್ಬಿಕೊಳ್ಳುತ್ತಾರೆ. ವಿಡಿಯೋದಲ್ಲೂ ಹೆಂಗಸರ ಭೇಟಿಯೇ. 45 ಸೆಕೆಂಡಿನ ಆ ಭೇಟಿಯನ್ನು ನಿಧಾನಗತಿಯಲ್ಲಿ ಸುಮಾರು 10 ನಿಮಿಷಕ್ಕೆ ಎಳೆದಿದ್ದಾರೆ. ಗಾಳಿಗೆ ಬಟ್ಟೆ ಉಬ್ಬುತ್ತದೆ, ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳುತ್ತಾಳೆ. ಧಾರವಾಡದ ನನ್ನ ತರಗತಿಯಲ್ಲಿ ಮೊದಲು ವಿಡಿಯೋ ತೋರಿಸುತ್ತೇನೆ. ಆಮೇಲೆ ಹುಡುಗರು ಚಿತ್ರದ ಹಸಿರು, ಕಿತ್ತಳೆ ಬಟ್ಟೆಯ ಮಡಿಕೆಗಳನ್ನು ಜಾಸ್ತಿ ಹೊತ್ತು ನೋಡುತ್ತಾರೆ. ನನಗೆ ಬೇಕಾದದ್ದು ಅದೇ. ಸುಮ್ನೆ ಹೆಸರಿಗೆ ಜೋಡಿಸಿದ ಪ್ರದರ್ಶನಗಳು ಮಾತ್ರ ನನಗೆ ಹಿಡಿಸುವುದಿಲ್ಲ.