ಕಾರ್ಖಾನೆ ಬೇಕು, ಮನೆಗಳು ಬೇಡ ಅನ್ನುವ ಊರುಗಳು

ಅಕ್ಕಪಕ್ಕದ ಐದೂ ಪುರಸಭೆಗಳು ಕಾರ್ಖಾನೆ ನಮಗಿರಲಿ, ಕೆಲಸಗಾರರ ಮನೆಗಳು ಪಕ್ಕದೂರಿಗಿರಲಿ ಅನ್ನುತ್ತಿವೆ, ಹೇಗೆ ಒಪ್ಪಿಸೋದು ಎಂದು ಕೇಳಿದ್ದೀರಿ. ಅವರನ್ನು ಸ್ವಾರ್ಥಿಗಳು ಅಂದುಕೊಳ್ಳಬೇಡಿ. ಲೆಕ್ಕವೇ ಹಾಗಿದೆ. ಕಾರ್ಖಾನೆ ತೆರಿಗೆ ತರುತ್ತದೆ. ಕಡಿಮೆ ಬಾಡಿಗೆಯ ಮನೆಗಳು ಶಾಲೆ, ನೀರು, ಚರಂಡಿಯ ಖರ್ಚು ತರುತ್ತವೆ. ಆ ಲೆಕ್ಕ ಬದಲಾಗದೆ ಎಷ್ಟು ಸಭೆ ಮಾಡಿದರೂ ಸುಮ್ನೆ ಹೊತ್ತು ಹಾಳು.

ಅಮೆರಿಕದ ಮಿನಿಯಾಪೊಲಿಸ್-ಸೇಂಟ್ ಪಾಲ್ ಪ್ರದೇಶವನ್ನು ನೋಡಿ. ಅಲ್ಲಿನ 1971ರ ಕಾನೂನಿನಂತೆ, ಪ್ರತಿ ಊರಿನ ವ್ಯಾಪಾರ ಮತ್ತು ಕೈಗಾರಿಕೆ ಆಸ್ತಿಗಳ ತೆರಿಗೆ ಮೌಲ್ಯ ಆಮೇಲೆ ಎಷ್ಟು ಬೆಳೆಯುತ್ತದೋ, ಅದರಲ್ಲಿ ಶೇ. 40ರಷ್ಟು ಒಂದೇ ಗಂಟಿಗೆ ಸೇರುತ್ತದೆ. ಜನಸಂಖ್ಯೆ, ಆಸ್ತಿ ಮೌಲ್ಯ ನೋಡಿ ಅದನ್ನು ಎಲ್ಲ ಊರುಗಳಿಗೆ ಹಂಚುತ್ತಾರೆ. ಕಾರ್ಖಾನೆ ಪಕ್ಕದೂರಿಗೆ ಹೋದರೂ ನಿಮಗೊಂದು ಪಾಲು! (ವಿಷಯ ಕೋರ್ಟಿಗೂ ಹೋಗಿತ್ತು. ಹಂಚಿಕೆ ಶುರುವಾಗಿದ್ದು 1975ರಲ್ಲಿ. ಮನೆಗಳ ಜಗಳವಂತೂ ಅಲ್ಲೂ ಪೂರ್ತಿ ಮುಗಿದಿಲ್ಲ.)

ಹಳೆಯ ಆದಾಯಕ್ಕೆ ಅವರು ಕೈ ಹಾಕಲಿಲ್ಲ ಅನ್ನೋದು ಮುಖ್ಯ. ಇನ್ನೂ ಬರದ ಹಣವನ್ನು ಬಿಟ್ಟುಕೊಡೋದು ಸುಲಭ, ಅಲ್ವಾ? ನಾನಾದರೆ ಅಧ್ಯಕ್ಷರುಗಳಿಗಿಂತ ಮೊದಲು ಐದೂ ಕಡೆಯ ಲೆಕ್ಕಪತ್ರ ನೋಡುವವರನ್ನು ಒಟ್ಟಿಗೆ ಕೂರಿಸುತ್ತೇನೆ.