ಕಾಂಡ್ಲಾ ಕಾಡಿನ ಮಾಹಿತಿಯನ್ನು ಮರದ ಆಕಾರದಲ್ಲೇ ಚಿತ್ರಿಸಬಹುದೇ?

ಹೊನ್ನಾವರದ ನಿಮ್ಮ ಶಾಲೆಯ ಗೋಡೆಯ ಮೇಲೆ ದೊಡ್ಡ ಮರವೊಂದನ್ನು ಬರೆದು, ಒಂದೊಂದು ಕೊಂಬೆಗೆ ಒಂದೊಂದು ಕಾಂಡ್ಲಾ (ಮ್ಯಾಂಗ್ರೋವ್) ಜಾತಿಯ ಹೆಸರು ಕೊಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕೊಂಬೆಗಳೆಲ್ಲ ಒಂದೇ ಕಾಂಡದಿಂದ ಹೊರಟರೆ, ಅವೆಲ್ಲ ಒಂದೇ ಕುಟುಂಬದವು ಎಂದು ಮಕ್ಕಳು ತಿಳಿಯುತ್ತಾರೆ. ಕಾಂಡ್ಲಾ ಒಂದು ಕುಟುಂಬವಲ್ಲ, ಉಪ್ಪುನೀರಿನ ಕೆಸರಿಗೆ ಒಗ್ಗಿಕೊಂಡ ಬೇರೆ ಬೇರೆ ಕುಟುಂಬಗಳ ಗುಂಪು. ಅವಿಸೀನಿಯಾ ಎಂಬ ಕಾಂಡ್ಲಾ ಇಂದಿನ ವರ್ಗೀಕರಣದಲ್ಲಿ ನಮ್ಮ ಹಿತ್ತಿಲಿನ ಆಡುಸೋಗೆಯ ಕುಟುಂಬಕ್ಕೆ ಸೇರಿದೆ. ಅದರ ಪಕ್ಕದಲ್ಲೇ ಬೆಳೆಯುವ ರೈಜೋಫೋರಾ ಎಂಬ ಇನ್ನೊಂದು ಕಾಂಡ್ಲಾ ಅದಕ್ಕೆ ಹತ್ತಿರದ ನೆಂಟನೇ ಅಲ್ಲ.

ಸಸ್ಯಚಿತ್ರ ಬರೆಯುವ ನಾನಾದರೆ ಬೇರನ್ನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಆಕಾರವೇ ಕೆಲಸವನ್ನು ಹೇಳುತ್ತದೆ. ರೈಜೋಫೋರಾದ ಬೇರುಗಳು ಕಾಂಡದಿಂದ ಬಾಗಿ ಕೆಸರಿಗೆ ಇಳಿಯುತ್ತವೆ. ಅವಿಸೀನಿಯಾದವು ಕೆಸರಿನೊಳಗಿಂದ ಪೆನ್ಸಿಲ್‌ಗಳಂತೆ ಮೇಲೇಳುತ್ತವೆ. ಇವೆರಡನ್ನು ಅದಲುಬದಲು ಮಾಡಿದ ಫಲಕ ನೋಡಿದರೆ ನನಗೆ ಸಂಕಟವಾಗುತ್ತದೆ. ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಹಾಗಾಗಿ ಈ ಬೇರುಗಳ ತೊಗಟೆಯ ಸಣ್ಣ ರಂಧ್ರಗಳಿಂದ ಹೊಕ್ಕ ಗಾಳಿ ಒಳಗಿನ ಪೊಳ್ಳು ಅಂಗಾಂಶದ ಮೂಲಕ ಕೆಳಗಿನ ಬೇರನ್ನು ತಲುಪುತ್ತದೆ. ಉಬ್ಬರದಲ್ಲಿ ರಂಧ್ರಗಳು ಮುಳುಗಿರುವಾಗ ಒಳಗಿನ ಆಮ್ಲಜನಕ ಖರ್ಚಾಗಿ ಒತ್ತಡ ಕುಸಿಯುತ್ತದೆ. ನೀರು ಇಳಿದೊಡನೆ ಬೇರು ಹೊಸ ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತದೆ. ಆದ್ದರಿಂದ ಅದೇ ಬೇರನ್ನು ಎರಡು ಸಲ, ಉಬ್ಬರದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ, ಅಕ್ಕಪಕ್ಕದಲ್ಲಿ ಬರೆಯಿರಿ. ಗಾಳಿಯ ಬಾಣ ಹೊರಗಿನಿಂದ ಒಳಹೋಗುವುದು ಇಳಿತದ ಚಿತ್ರದಲ್ಲಿ ಮಾತ್ರ ಇರಲಿ. ಅಷ್ಟಾದರೆ ಅರ್ಧ ಪಾಠ ಅಕ್ಷರವಿಲ್ಲದೆಯೇ ಮುಗಿಯುತ್ತದೆ.

ಬಣ್ಣಕ್ಕೆ ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಕಾವಿ ಕಲೆಯನ್ನು ಗಮನಿಸಿ. ಕೆಂಪು ಪದರವನ್ನು ಕೆರೆದು ಅಡಿಯ ಬಿಳಿ ಸುಣ್ಣವನ್ನು ಕಾಣಿಸುವ ಕೆಲಸ ಅದು. ಇರುವುದು ಎರಡೇ ಬಣ್ಣವಾದ್ದರಿಂದ ಗೆರೆ ಖಚಿತವಾಗಿರಲೇಬೇಕು. ಬೇರಿನ ಚಿತ್ರಕ್ಕೆ ಬೇಕಾದದ್ದೂ ಅದೇ. ಅದಕ್ಕೆ ಮೂರನೆಯದಾಗಿ ನೀಲಿಯೊಂದನ್ನು ಸೇರಿಸಿ, ಗಾಳಿಗಷ್ಟೇ ಮೀಸಲಿಡಿ. ನೀರಿಗೂ ನೀಲಿ ಬಳಿಯುವ ಆಸೆಯಾಗುತ್ತದೆ, ಬಳಿದರೆ ಗಾಳಿ ಕಾಣೆಯಾಗುತ್ತದೆ. ನೀರಿಗೆ ಬಿಳಿಯ ಅಡ್ಡಗೆರೆಗಳು ಸಾಕು. ಕೆಂಪು, ಹಸಿರು ಬೇರ್ಪಡಿಸಿ ಕಾಣದ ಮಕ್ಕಳಿಗೂ ಕಾವಿ ಮತ್ತು ನೀಲಿ ಬೇರೆಬೇರೆಯಾಗಿ ಕಾಣುತ್ತವೆ.

ಗೆರೆ ಎಳೆಯುವ ಮೊದಲು ಇಳಿತದ ಹೊತ್ತಿಗೆ ಹೊನ್ನಾವರದ ಬಳಿಯ ಕಾಸರಕೋಡಿನ ಕಾಂಡ್ಲಾ ನಡಿಗೆದಾರಿಗೆ ಹೋಗಿ ಬನ್ನಿ. ಫೋಟೋ ತೆಗೆದರೆ ಸಾಲದು, ಕುಳಿತು ಚಿತ್ರ ಬರೆಯಿರಿ.

ಜಾಗ ಉಳಿದರೆ ರೈಜೋಫೋರಾದ ಮೊಳಕೆ ಸೇರಿಸಿ. ಬೀಜ ಮರದಲ್ಲಿರುವಾಗಲೇ ಮೊಳೆತು ಉದ್ದನೆಯ ಕೋಲಾಗಿ ನೇತಾಡುತ್ತದೆ. ಅದನ್ನು ನಿಜವಾದ ಅಳತೆಯಲ್ಲಿ, ಮಕ್ಕಳ ಕೈಗೆಟಕುವ ಎತ್ತರದಲ್ಲಿ ಬರೆಯಿರಿ. ಉಳಿದ ಚಿತ್ರಗಳು ಅಳತೆಗೆ ತಕ್ಕಂತಿಲ್ಲ ಎಂಬ ಸಾಲೊಂದು ಗೋಡೆಯ ಕೆಳಗೆ ಇರಲಿ.